ಎರಡು ಉದ್ದ, ಒಂದು ಗಿಡ್ಡ

…ಇಲ್ಲಿ ಕೊಡಿ ಅತ್ತಿಗೆ, ಆ ಶಂಖಾನ. ಮಡಿಲಲ್ಲಿ ಇಟ್ಕೊಂಡು ಕೂತರೆ ಏನು ಬಂತು? ಕೊಡಿ. ನನ್ನ ಗುಡಿಸಲ ಬಾಗಿಲು ಗಾಳಿಗೆ ಪಟಪಟ ಬಡ್ಕೊಳ್ಳುತ್ತೆ, ನಿದ್ದೆ ಇಲ್ಲ. ಅಡ್ಡ ಇಡೋಕೆ ಭಾರದ್ದೇನಾದ್ರೂ ಬೇಕು.

ಯಾಕೆ ಹುಬ್ಬು ಏರಿಸ್ತೀರಿ? ಕಿವುಡನಿಗೆ ಬಾಗಿಲಿನ ಸದ್ದೇನು ಅಂತಲಾ? ನಡುಗುತ್ತೆ, ಅತ್ತಿಗೆ. ಹಲಗೆ ನಡುಗೋದು ಬೆನ್ನಿಗೆ ಗೊತ್ತಾಗುತ್ತೆ.

ಹೊರಗೆ ಯಾಕೆ ಕೈ ತೋರಿಸ್ತೀರಿ? ಕಲ್ಲು… ಇದೆ, ಕಲ್ಲಿದೆ. ಈ ಮೇನ್ ಕರಾವಳೀಲಿ ಆಲೂಗಡ್ಡೆ ಅಗೆದರೂ ಬರೋದು ಕಲ್ಲೇ. ಆದ್ರೂ… ಎಸೆಯೋಕೆ ಕೇಳ್ತಿದ್ದಾನೆ ಅಂದ್ಕೊಂಡ್ರಾ? ಛೆ! ಅಪ್ಪ ತಂದದ್ದು. ಎಲ್ಲೋ ಬಿಸಿಲು ದ್ವೀಪದಿಂದ, ಕಾಕಂಬಿ ಪೀಪಾಯಿ ಜೊತೆ. ಅದನ್ನ ಎಸೀತೀನಾ?

ಬಿಡಿ. ಆಮೇಲೆ ಕೊಡಿ.

ಏನಾದ್ರೂ ಹೇಳೋದಿದ್ರೆ ನನ್ನ ಕಡೆ ತಿರುಗಿ ಹೇಳಿ, ಅತ್ತಿಗೆ. ಫಿರಂಗಿ ನನ್ನ ಎರಡೂ ಕಿವಿ ತಗೊಂಡು ಹೋಯ್ತು, ತುಟಿ ನೋಡೇ ಮಾತು ಹಿಡೀಬೇಕು. ತುಟಿ ಅಲ್ಲಾಡಿದ್ರೆ ತಾನೆ! ಅಣ್ಣನ್ನ ಮಣ್ಣು ಮಾಡಿ ಬಂದಾಗಿಂದ ನೀವು ಬಾಯೇ ತೆಗೆದಿಲ್ಲ. ಕಿವುಡ ಮೈದುನ, ಮಾತು ಬಿಟ್ಟ ಅತ್ತಿಗೆ. ಪಕ್ಕದ್ಮನೆ ಡಾರ್ಕಸ್ ಅಜ್ಜಿ ಅಂತಾಳೆ, ಇಡೀ ಊರಲ್ಲಿ ಜಗಳ ಇಲ್ಲದ ಮನೆ ಅಂದ್ರೆ ಅದೊಂದೇ ಅಂತ.

ಅದೇನು ಕುರ್ಚಿ ಮೇಲೆ? ಕಪ್ಪು ಟೋಪಿ… ಪ್ರಾರ್ಥನೆಗೆ ಹಾಕೋ ಟೋಪಿ ಅಲ್ವಾ? ನಾಳೆ ಗುರುವಾರ, ಭಾನುವಾರ ಅಲ್ಲ, ಅತ್ತಿಗೆ.

ಓ.

ನಾಳೆ ವಿಚಾರಣೆಗೆ ಮೇಜರ್ ಬರೋ ವಿಷಯ ಯಾರು ಹೇಳಿದ್ರು ನಿಮಗೆ? ಆ ಮುದುಕಿಯೇ. ನೋಡಿ, ನೀವು ಬರೋದು ಬೇಡ. ಅದು ನಮ್ಮ ಪಡೆಯವರ ವಿಚಾರಣೆ. ಬ್ರಿಟಿಷರು ನಮ್ಮ ಬೆನ್ನ ಹಿಂದೆ ಹೇಗೆ ಇಳಿದ್ರು, ಮಂಜಿನಲ್ಲಿ ಅವರಿಗೆ ದಾರಿ ಯಾರು ತೋರಿಸಿದ್ರು, ಅದನ್ನೇ ಕೇಳೋದು. ನಾನು ಹೇಳ್ತೀನಿ. ಏನು ಹೇಳ್ತೀನಿ ಅಂತ ಬೇಕಾದ್ರೆ ಈಗಲೇ ಕೇಳಿ. ತಪ್ಪಿದ್ರೆ ತಿದ್ದಿ.

ನಾವು ಊರಿನವರು ದೋಣಿಕಟ್ಟೆ ಹತ್ತಿರ ಸೇರಿದ್ವಿ. ಬಂದೂಕು ಇದ್ದವರು ಅರ್ಧ. ಎಬೆನ್ ಹಾವುಮೀನು ಚುಚ್ಚೋ ಭರ್ಜಿ ತಂದಿದ್ದ. ನಮ್ಮ ಕ್ಯಾಪ್ಟನ್ ಥರ್ಲೋ, ಪೀಪಾಯಿ ಮಾಡೋನು, ಅವರಪ್ಪನ ಕತ್ತಿ ಕಟ್ಕೊಂಡು ಬಂದಿದ್ದ. ಹೆಜ್ಜೆ ಇಟ್ಟಾಗೆಲ್ಲ ಕಾಲಿಗೆ ಸಿಕ್ತಿತ್ತು. ‘ಕ್ಯಾಪ್ಟನ್ನೇ, ಕತ್ತಿ ನಿಮ್ಮ ಕಡೆಯದೋ, ಅವರ ಕಡೆಯದೋ?’ ಅಂದೆ. ‘ಲೋ ಓಬೆಡ್, ತುಕ್ಕು ಹಿಡಿದಿರೋದು ಬಂದೂಕಿಗೋ, ನಿನ್ನ ತಲೆಗೋ?’ ಅಂತ ಅವನು. ಎಲ್ರೂ ನಕ್ರು. ರಮ್ ಒಂದು ಸುತ್ತು ಆಗಿತ್ತು. ಅಪ್ಪನ ಕಾಲದ ಯುದ್ಧದಲ್ಲಿ ಇದೇ ಕೆಂಪು ಕೋಟಿನ ಬ್ರಿಟಿಷರನ್ನ ಅಮೆರಿಕದಿಂದ ಓಡಿಸಿದ್ವಲ್ಲ, ಈಗಲೂ ಓಡಿಸ್ತೀವಿ ಅಂತ… ಅಂದ್ಕೊಂಡಿದ್ವಿ.

ಮಂಜು ಬಿತ್ತು. ಥರ್ಲೋ ಅಂದ, ‘ಮಂಜು ನಮ್ಮ ಕಡೆ. ಗಂಟೆ ಬೇಡ, ಕೊಂಬು ಬೇಡ, ನಾಯಿ ಬೊಗಳಿದ್ರೆ ಬಾಯಿ ಕಟ್ಟಿ. ಅವರು ದಾರಿ ತಪ್ಪಿ ಬಂಡೆಗೆ ಬಡ್ಕೊಂಡು ಸಾಯ್ಲಿ.’ ಅಣ್ಣ ಅಷ್ಟರಲ್ಲಿ ದೋಣಿ ತಗೊಂಡು ಕೊಲ್ಲಿಗೆ ಹೋಗಿದ್ದ, ಅವರ ಹಡಗು ಎಲ್ಲಿದೆ ಅಂತ ನೋಡಿ ಬರೋಕೆ. ನನ್ನನ್ನ ಇಲ್ಲಿ ಕೆಳಗೆ, ನಿಮ್ಮ ಮನೆ ಕೆಳಗಿನ ಕಲ್ಲುಗೋಡೆ ಹತ್ತಿರ ನಿಲ್ಲಿಸಿದ್ರು. ಒಬ್ಬನನ್ನೇ. ಈ ಮೂಲೆಗೆ ಯಾರು ಬರ್ತಾರೆ ಅಂತ.

ಕೆಂಪು ಕೋಟು ಕಂಡವು. ನಾನು ಬಂದೂಕು ಬಿಸಾಕಿ ಓಡಿದೆ. ಅಷ್ಟೇ. ನಾನು ಓಡಿದ್ದಕ್ಕೇ ಅವರು ಬೆನ್ನ ಹಿಂದಿಂದ ಊರೊಳಗೆ ಬಂದ್ರು. ಇದನ್ನೇ ಹೇಳ್ತೀನಿ.

…ಯಾಕೆ ನಗ್ತೀರಿ?

ಹಾಗೆ ಸದ್ದಿಲ್ಲದೆ ನಗಬೇಡಿ, ಅತ್ತಿಗೆ. ಹೆದರಿಕೆ ಆಗುತ್ತೆ. ಹೌದು, ಇದೇ ಕುಂಟುಕಾಲಲ್ಲಿ ಓಡಿದೆ. ಜೀವಭಯಕ್ಕೆ ಕುಂಟನೂ ಮೊಲ ಆಗ್ತಾನೆ.

ಎದೆ ಯಾಕೆ ಮುಟ್ಟಿ ತೋರಿಸ್ತೀರಿ? ಈ ಗಾಯಾನಾ? ಇದು… ಬೇಲಿ ದಾಟುವಾಗ ಚುಚ್ಚಿದ್ದು. ನೀವೇ ಹೊಲಿಗೆ ಹಾಕಿದ್ದು, ಗೊತ್ತು. ಮೂರು ಮೂಲೆ ಗಾಯ ಬಂದೂಕಿನ ತುದಿಯ ಈಟಿಯದು ಅಂತ ನಿಮಗೂ ಗೊತ್ತು. ಸರಿ, ಆದ್ರೆ ಮೇಜರ್ ಏನು ನನ್ನ ಅಂಗಿ ಬಿಚ್ಚಿಸಿ ನೋಡ್ತಾನಾ? ‘ಓಡಿದೆ’ ಅಂತ ತಾನಾಗೇ ಹೇಳೋನನ್ನ ಯಾರೂ ‘ಇಲ್ಲ, ನೀನು ಓಡಲಿಲ್ಲ’ ಅನ್ನಲ್ಲ. ಪಡೆಯಿಂದ ಹೆಸರು ಹೊಡೆದು ಹಾಕ್ತಾರೆ. ಥರ್ಲೋ ಮಾತು ಬಿಡ್ತಾನೆ, ಈಗಲೇ ಬಿಟ್ಟಿದ್ದಾನೆ. ಬಿಡ್ಲಿ. ಕಿವುಡನಿಗೆ ಯಾರು ಮಾತಾಡಿದ್ರೇನು, ಬಿಟ್ರೇನು.

ದಾರೀನಾ? ದಾರಿ ಅವರಿಗೆ ಹೇಗೆ ಗೊತ್ತಾಯ್ತು… ನಕ್ಷೆ ಇತ್ತು ಅವರ ಹತ್ತಿರ. ಇಷ್ಟು ದೊಡ್ಡ ರಾಜನಿಗೆ ಒಂದು ನಕ್ಷೆ ಇರಲ್ವಾ? ಡಾರ್ಕಸ್ ಅಜ್ಜಿ ಏನೋ ಶಂಖ ಕೇಳಿಸ್ತು ಅಂತಾಳೆ. ಅವಳಿಗೆ ನೀರುನಾಯಿ ಕೂಗಿದ್ರೂ ಶಂಖವೇ. ಗೋಡೆ ಹತ್ತಿರ ಇದ್ದವನು ನಾನೊಬ್ಬನೇ. ಮೇಜರ್ ನನ್ನ ಕೇಳ್ಬೇಕು. ಕಿವುಡನನ್ನ ಕೇಳಿ ಏನು ಮಾಡ್ತಾನೆ?

ಬೆರಳು ಯಾಕೆ ಮಡಚ್ತೀರಿ? ಮೊದಲು ಅವರು ಬಂದದ್ದು, ಫಿರಂಗಿ ಹಾರಿ ನನ್ನ ಕಿವಿ ಹೋದದ್ದು ಆಮೇಲೆ… ಹಾಗಲ್ಲ. ಮುಂಚೇನೂ ಒಂದು ಸಲ ಹಾರಿಸಿದ್ರು. ಪರೀಕ್ಷೆಗೆ. ಸದ್ದು ಮಾಡಬೇಡಿ ಅಂತ ಥರ್ಲೋ ಹೇಳಿದ್ದು… ಅದು… ಇರಿ, ಗಲಿಬಿಲಿ ಮಾಡಬೇಡಿ. ಇದೊಂದನ್ನ ನಾಳೆಯೊಳಗೆ ಸರಿ ಮಾಡ್ಕೋತೀನಿ.

ಅಳಬೇಡಿ.

ಅತ್ತಿಗೆ, ಸುಮ್ನೆ ಮಾತಿಗೆ ಹೇಳ್ತೀನಿ. ಮಂಜು ಬಿದ್ದ ದಿನ ಕೊಲ್ಲಿಯಿಂದ ಗಂಡನ ಕೊಂಬು ಕೇಳಿದ್ರೆ, ಉತ್ತರ ಊದದೆ ಕೂತಿರೋ ಹೆಂಗಸು ಈ ಕರಾವಳೀಲಿ ಹುಟ್ಟಿದ್ದಾಳಾ? ಯಾವ ಕ್ಯಾಪ್ಟನ್ ಬೇಡ ಅಂದ್ರೇನು? ಕೈ ತಾನಾಗೇ ಶಂಖಕ್ಕೆ ಹೋಗುತ್ತೆ. ಅಮ್ಮ ಒಲೆ ಮೇಲಿನ ಗಂಜಿ ಸೀದರೂ ಬಿಟ್ಟು ಓಡ್ತಿದ್ಲು. ಪ್ರತಿ ಮನೆಗೂ ಒಂದೊಂದು ಕೂಗು. ಥರ್ಲೋ ಮನೇದು ಮೂರು ಗಿಡ್ಡ. ನಮ್ಮನೇದು ಎರಡು ಉದ್ದ, ಒಂದು ಗಿಡ್ಡ. ದೋಣಿಯಿಂದ ಕೊಂಬು, ದಡದಿಂದ ಶಂಖ. ಹಾಗೇ ಊದ್ತಾ ಊದ್ತಾ ಎಳ್ಕೊಂಡು ಬರೋದು, ಹಗ್ಗ ಕಟ್ಟಿ ಎಳೆದ ಹಾಗೆ. ಆ ಹಗ್ಗ ಇನ್ನ್ಯಾರೋ ಹಿಡ್ಕೊಂಡ್ರೆ, ಎಳೆದವರದ್ದಾ ತಪ್ಪು?

ನೀವು ಊದಿದ್ರಿ ಅಂತ ನಾನು ಹೇಳ್ತಿಲ್ಲ! ನನಗೇನೂ ಕೇಳಿಸಿಲ್ಲ. ಹೇಳಿದ್ನಲ್ಲ.

ಅಣ್ಣ ತಾನಾಗೇ ದಾರಿ ಹುಡುಕ್ಕೊಂಡು ಬಂದ. ದಡ ಮುಟ್ಟಿದ. ಹಿಂದೆ ಅವರ ದೋಣಿಗಳಿದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ. ನೋವಾಗ್ಲಿಲ್ಲ, ಅತ್ತಿಗೆ. ಒಂದೇ ಗುಂಡು. ಮುಖದಲ್ಲಿ… ಮನೆಗೆ ಬಂದೆ ಅನ್ನೋ ತರ ಇತ್ತು ಮುಖ.

ಆಮೇಲಿಂದ ಊರಲ್ಲಿ ಯಾರೂ ಊದಲ್ಲ. ನೋಡಿದ್ರಲ್ಲ. ಬ್ರಿಟಿಷರ ಹಡಗು ಇನ್ನೂ ಕೊಲ್ಲೀಲೇ ಇದೆ. ಕೊಂಬು ಕೇಳಿದ್ರೆ ಬಾಗಿಲು ಹಾಕ್ಕೊಳ್ತಾರೆ. ಎಬೆನ್ ದೋಣಿ ಬಂಡೆಗೆ ಬಡಿದದ್ದು ಹೇಗೆ ಮತ್ತೆ? ಅವನು ಊದ್ತಾನೇ ಇದ್ದನಂತೆ. ಅವನ ಹೆಂಡತಿ ದಿಂಬಲ್ಲಿ ಮುಖ ಮುಚ್ಕೊಂಡು ಬಿದ್ದಿದ್ಲಂತೆ.

ಮಂಜು ಕವೀತಿದೆ. ಬಾಗಿಲು ಹಾಕ್ತೀನಿ.

ಕಿಟಕಿ ಹತ್ತಿರ ಹೋಗಬೇಡಿ. ಬನ್ನಿ, ಒಲೆ ಹತ್ತಿರ ಕೂತ್ಕೊಳ್ಳಿ. ಮಂಜು ಬಿದ್ದಾಗೆಲ್ಲ ನಿಮ್ಮದು ಇದೇ. ಅಲ್ಲಿ ಯಾರೂ ಇಲ್ಲ. ಅಣ್ಣನ ಕೊಂಬನ್ನ ಶವಪೆಟ್ಟಿಗೆಯೊಳಗೆ ಅವನ ಪಕ್ಕ ಇಟ್ಟವನು ನಾನು. ತಗಡು ಚಪ್ಪಟೆ ಆಗಿತ್ತು, ಬೂಟುಗಾಲಲ್ಲಿ ತುಳಿದಿದ್ರು. ಮೊಳೆ ಹೊಡೆದವನೂ ನಾನೇ. ಮಣ್ಣಿನೊಳಗಿರೋ ಕೊಂಬು ಎಲ್ಲಿಂದ…

ಇದು ಬೇರೆ ಯಾರದೋ. ಹೆದರಬೇಡಿ. ಥರ್ಲೋ ಮನೆ ದೋಣಿ ಇರಬೇಕು. ಮೂರು ಗಿಡ್ಡ… ಅಲ್ಲ. ಉದ್ದ. ಇನ್ನೊಂದು ಉದ್ದ. ಈಗ…

…

ಯಾಕೆ ತಿರುಗಿದ್ರಿ?

ಇಲ್ಲ… ನಾನು ನಿಮ್ಮ ಮುಖ ನೋಡಿ ಊಹೆ ಮಾಡಿದ್ದು. ನಿಮ್ಮ ಮುಖ…

ನೀವು ಬೆನ್ನು ಹಾಕಿ ನಿಂತಿದ್ರಿ.

ಅತ್ತಿಗೆ. ಏನಾದ್ರೂ ಅನ್ನಿ. ಬೈಯಿರಿ. ‘ಕಳ್ಳ ಕಿವುಡ’ ಅನ್ನಿ. ಹಾಗೆ ನೋಡಬೇಡಿ. ಕಲ್ಲುಗೋಡೆ ನಿಮ್ಮ ಬಾಗಿಲಿಂದ ಎಷ್ಟು ಹತ್ತಿರ ಅಂತ ಅಳೀತಿದ್ದೀರಿ, ಗೊತ್ತು ನನಗೆ. ಒಳ್ಳೆ ಕಿವಿ ಇರೋನಿಗೆ ಅಲ್ಲಿಂದ ಒಲೆ ಊದಿದ್ದೂ ಕೇಳಿಸುತ್ತೆ.

ಮತ್ತೆ ಕೇಳಿಸ್ತಿದೆ. ಎರಡು ಉದ್ದ, ಒಂದು ಗಿಡ್ಡ. ನಿಮಗೂ ಅದೇ ತಾನೆ? ಹೋದ ಸಲದ ಮಂಜಲ್ಲೂ ಅದೇ ತಾನೆ? ನಾನೊಬ್ಬನೇ ಕೇಳ್ತಿದ್ದೀನಿ, ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ಆ ಗುಡಿಸಲಲ್ಲಿ ಕಿವಿಗೆ ಉಣ್ಣೆ ತುರುಕ್ಕೊಂಡು ಮಲಗ್ತೀನಿ, ಅತ್ತಿಗೆ. ಬಾಗಿಲ ಸದ್ದಿಗಲ್ಲ.

ಯಾವ ಮನೆಯೂ ಉತ್ತರ ಕೊಡ್ತಿಲ್ಲ. ಎಲ್ಲ ಬಾಗಿಲು ಹಾಕ್ಕೊಂಡು ಕೂತಿದ್ದಾರೆ. ಅದು ಬಂಡೆ ಕಡೆಗೇ ಬರ್ತಿದೆ…

ಶಂಖ ತುಟಿಗೆ ಇಟ್ಕೋಬೇಡಿ ನೀವು. ಈ ಉಸಿರಲ್ಲಿ ಊದೋಕೆ ಆಗಲ್ಲ. ಬಾಗಿಲು ತೆಗೀರಿ. ಪೂರ್ತಿ ತೆಗೀರಿ, ಡಾರ್ಕಸ್ ಅಜ್ಜಿಗೂ ಕಾಣ್ಲಿ, ಹೊಸ್ತಿಲಲ್ಲಿ ನಿಂತು ಊದ್ತಿರೋದು ಯಾರು ಅಂತ. ನಾಳೆ ಮೇಜರ್‌ಗೂ ಅದನ್ನೇ ಹೇಳ್ಲಿ.

ಇಲ್ಲಿ ಕೊಡಿ, ಅತ್ತಿಗೆ. ಕೊಡಿ.

ಇಲ್ಲ, ಎಸೆಯೋಕಲ್ಲ.