ಸಫರ್‌ಗುಲ್ ಕಟ್ಟಿದ ತೊಟ್ಟಿಲು

ನಂಬಿದರೆ ನಂಬಿ, ಬಿಟ್ಟರೆ ಬಿಡಿ... ನುಕ್ರಾ ನನ್ನ ಸ್ವಂತ ಚಿಕ್ಕಮ್ಮನ ಮಗಳು. ಸುಳ್ಳು ಹೇಳಿ ಅವಳಿಗೇನೂ ಆಗಬೇಕಾಗಿಲ್ಲ.

ಮದುವೆಮನೆಯಿಂದ ಇಬ್ಬರು ರಾತ್ರಿ ನಡೆದು ಬರುತ್ತಿದ್ದರು, ನುಕ್ರಾ ಮತ್ತು ಅವಳ ಪಕ್ಕದ ಮನೆಯ ಸಫರ್‌ಗುಲ್. ಹಳೇ ಊರಿನ ನೀರಿನ ಊಟೆ ಪಕ್ಕದ ದಾರಿ. ಹಳೇ ಊರು ಈಗ ಕಲ್ಲಿನಡಿ ಇದೆ. ಭೂಮಿ ನಡುಗಿ, ಪಾಮಿರ್‌ನ ಒಂದು ಗುಡ್ಡವೇ ಜಾರಿ ಊರಿನ ಮೇಲೆ ಬಿದ್ದ ವರ್ಷ ಸಫರ್‌ಗುಲ್ ಎಳೇ ಬಾಣಂತಿ. ಅವತ್ತು ನೀರಿಗೆ ಹೋಗಿದ್ದಳು. ಕೂಸು ಬೆಚ್ಚದಿರಲಿ ಅಂತ ಕೈಕಾಲು ಪಟ್ಟಿಯಲ್ಲಿ ಸುತ್ತಿ ತೊಟ್ಟಿಲಿಗೆ ಕಟ್ಟುವುದು ನಮ್ಮ ಪದ್ಧತಿ. ಮಗ ತುಂಬ ಒದ್ದಾಡುತ್ತಾನೆ ಅಂತ ಅವಳು ಒಂದು ಗಂಟು ಹೆಚ್ಚಿಗೇ ಹಾಕಿ ಹೋಗಿದ್ದಳು. ಮನೆ, ತೊಟ್ಟಿಲು, ಕೂಸು ಎಲ್ಲ ಕಲ್ಲಿನಡಿ ಹೋಯಿತು.

ಊಟೆ ಹತ್ತಿರ ಸಫರ್‌ಗುಲ್ ಗಕ್ಕನೆ ನಿಂತಳು.

"ಯಾಕತ್ತೆ, ಪಲಾವು ಜಾಸ್ತಿಯಾಯ್ತಾ?" ನುಕ್ರಾ ಕಿಚಾಯಿಸಿದಳು.

"ಶ್... ಎದೆ ಒದ್ದೆಯಾಯ್ತು ಕಣೇ. ಈಗ ಭೂಮಿ ನಡುಗುತ್ತೆ ನೋಡು."

ಅರವತ್ತು ದಾಟಿದ ಮುದುಕಿ! ನುಕ್ರಾ ಮುಟ್ಟಿ ನೋಡಿದಳು. ಅಂಗಿ ಬೆಚ್ಚಗೆ ನೆಂದಿತ್ತು. ಹಾಲಿನ ವಾಸನೆ...

ಅಷ್ಟರಲ್ಲಿ ನೆಲ ಗುಡುಗಿತು. ಸಣ್ಣ ಕಲ್ಲುಗಳು ಗರಗರ ಉರುಳಿದವು. ಆಮೇಲೆ ಎಲ್ಲ ನಿಶ್ಶಬ್ದ. ಕಲ್ಲಿನ ಕೆಳಗಿಂದ ಮಾತ್ರ... ಟಕ್... ಕಿರ್ರ್... ಟಕ್. ತೊಟ್ಟಿಲು ತೂಗುವ ಸದ್ದು.

"ಬನ್ನಿ ಅತ್ತೆ... ಓಡೋಣ."

"ನೀನು ಓಡು. ಭೂಮಿ ನಡುಗಿದಾಗೆಲ್ಲ ನಾನು ಇಲ್ಲಿಗೆ ಬರ್ತೀನಿ. ಒಂದ್ಸಲ ಆ ಗಂಟು ಬಿಚ್ಚಿಬಿಟ್ರೆ ಸಾಕು, ಅವ್ನು ಮಲಗ್ತಾನೆ. ನನ್ನೆದೇನೂ ಬತ್ತುತ್ತೆ."

ಮೊಣಕಾಲೂರಿ ಬರಿಗೈಯಲ್ಲೇ ಬಗೆದಳು. ಉಗುರು ಕಿತ್ತು ಬಂತು. ಸಂದಿಯೊಳಗೆ ಭುಜದವರೆಗೂ ಕೈ ಇಳಿಸಿದಳು.

"ಸಿಕ್ತು... ಪಟ್ಟಿ ಸಿಕ್ತು ಕಣೇ!"

ಟಕ್ ಸದ್ದು ನಿಂತಿತು. ಬಹಳ ಹೊತ್ತು ಅವಳ ತೋಳು ಮಾತ್ರ ಅಲುಗುತ್ತಿತ್ತು.

"ಏನಾಯ್ತತ್ತೆ?"

"ಬಿಚ್ಚಿದಷ್ಟೂ... ಬಿಗೀತಿದೆ."

ಇಷ್ಟೇ ಅಂದಳು. ನುಕ್ರಾ ಅವಳನ್ನು ದರದರ ಎಳೆದುಕೊಂಡೇ ಮನೆ ಸೇರಿಸಿದಳು. ಸಫರ್‌ಗುಲ್ ಆಮೇಲೆ ಯಾರ ಜೊತೆಗೂ ಮಾತಾಡಲಿಲ್ಲ. ಆ ಚಳಿಗಾಲದಲ್ಲೇ ತೀರಿಕೊಂಡಳು.

ಪಾಪ, ಸತ್ತಾದರೂ ಬಿಡುಗಡೆಯಾಯಿತು ಅಂದುಕೊಂಡೆವು. ಹೆಣ ತೊಳೆಯುವಾಗ ನೀರು ಹುಯ್ದವಳು ನಾನೇ. ಎಡ ಮೊಲೆಯ ಮೇಲೆ ಪುಟ್ಟ ಹಲ್ಲಿನ ಗುರುತಿತ್ತು. ಹಸಿ ಗಾಯ. ಊರು ಹೂತುಹೋದಾಗ ಅವಳ ಮಗನಿಗೆ ಇನ್ನೂ ಹಲ್ಲೇ ಬಂದಿರಲಿಲ್ಲ. ಕಣ್ಣಾರೆ ನೋಡಿದ್ದೀನಿ, ಆಣೆ... ಮೇಲೆ ಎರಡು, ಕೆಳಗೆ ಎರಡು.