ವೃಶ್ಚಿಕ ಮುಗಿದು ಧನು ಹುಟ್ಟುವಲ್ಲಿ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಮಾನ್ಯ ನಾಗನಾಥರಾವ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಸನ್ಮಾನ ಸಮಿತಿಯ ಸದಸ್ಯರೇ, ಹುಮನಾಬಾದಿನಿಂದ ನನ್ನ ಜೊತೆ ಬಸ್ಸಿನಲ್ಲಿ ನಿಂತುಕೊಂಡೇ ಬಂದ ನನ್ನ ಶಾಲೆಯ ಸಹೋದ್ಯೋಗಿಗಳೇ, ಕಲ್ಯಾಣದ ತಾಯಂದಿರೇ, ಸಭಿಕರೇ,

ನನ್ನ ತಂದೆ ದತ್ತಾತ್ರಿ ಜೋಶಿಯವರಿಗೆ ಎಪ್ಪತ್ತೈದು ತುಂಬಿದ ಸಂದರ್ಭದಲ್ಲಿ ನೀವು ಈ ಸಮಾರಂಭ ಏರ್ಪಡಿಸಿದ್ದೀರಿ. ಸನ್ಮಾನಿತರೇ ಬಂದಿಲ್ಲ. ನಾಲ್ಕು ಓಣಿ ಆಚೆಗೆ ಮನೆ, ಬರಬಹುದಿತ್ತು. ಅವರ ಪರವಾಗಿ ಮಗಳು ನಾಲ್ಕು ಮಾತು ಆಡಲಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಪ್ರಾಥಮಿಕ ಶಾಲೆಯ ಶಿಕ್ಷಕಿಗೆ ನಾಲ್ಕು ಮಾತು ಎಂದರೆ ಎಷ್ಟು ಹೊತ್ತು ಎಂಬುದು ಅಧ್ಯಕ್ಷರಿಗೆ ಗೊತ್ತಿದ್ದಂತಿಲ್ಲ.

ಜ್ಯೋತಿಷಿಯ ಸನ್ಮಾನವೆಂದ ಮೇಲೆ ರಾಶಿಗಳ ವಿಷಯ ಹೇಳದೆ ಇದ್ದರೆ ಹೇಗೆ? ನಾನು ಕಲಿತದ್ದು ತಂದೆಯಿಂದಲೇ. ಅವರು ನೆಲದ ಮೇಲೆ ಸುಣ್ಣದ ಬಳಪದಿಂದ ಒಂದು ದೊಡ್ಡ ಚಕ್ರ ಬರೆಯುತ್ತಿದ್ದರು. ಅದನ್ನು ಹನ್ನೆರಡು ಮನೆ ಮಾಡುತ್ತಿದ್ದರು. ಮೇಷ ಅಗ್ನಿ, ವೃಷಭ ಭೂಮಿ, ಮಿಥುನ ವಾಯು, ಕರ್ಕ ಜಲ. ಮತ್ತೆ ಸಿಂಹ ಅಗ್ನಿ, ಕನ್ಯಾ ಭೂಮಿ, ತುಲಾ ವಾಯು, ವೃಶ್ಚಿಕ ಜಲ. ಮತ್ತೆ ಧನು ಅಗ್ನಿ. ಹೀಗೆ ಮೀನದ ತನಕ ಬೆಂಕಿ, ಮಣ್ಣು, ಗಾಳಿ, ನೀರು ಮೂರು ಸಲ ಸುತ್ತುತ್ತವೆ. ಕೆಲವು ರಾಶಿ ಚರ, ನಿಂತಲ್ಲಿ ನಿಲ್ಲುವುದಿಲ್ಲ. ಕೆಲವು ಸ್ಥಿರ, ಎಬ್ಬಿಸಿದರೂ ಏಳುವುದಿಲ್ಲ. ನಮ್ಮ ಶಿಕ್ಷಣ ಇಲಾಖೆಯ ಕಡತಗಳೆಲ್ಲ ಸ್ಥಿರ ರಾಶಿಯಲ್ಲಿ ಹುಟ್ಟಿರಬೇಕು. ಇನ್ನು ಕೆಲವು ಎರಡೂ ಸ್ವಭಾವದವು. ಸೂರ್ಯನಿಗೆ ಒಂದು ಮನೆ, ಚಂದ್ರನಿಗೆ ಒಂದು ಮನೆ, ಉಳಿದ ಐದು ಗ್ರಹಗಳಿಗೆ ಎರಡೆರಡು. ನಾಲ್ಕು ನಾಲ್ಕು ಪಾದ, ಎಂದರೆ ಕಾಲು, ಇರುವ ಇಪ್ಪತ್ತೇಳು ನಕ್ಷತ್ರಗಳನ್ನು ಈ ಹನ್ನೆರಡು ಮನೆಗೆ ಹಂಚಬೇಕು. ಹಾಗಾಗಿ ಎಷ್ಟೋ ನಕ್ಷತ್ರಗಳ ಒಂದು ಕಾಲು ಈ ಮನೆಯಲ್ಲಿ, ಉಳಿದ ಕಾಲು ಪಕ್ಕದ ಮನೆಯಲ್ಲಿ. ಎಷ್ಟು ಚೆಂದದ ವ್ಯವಸ್ಥೆ! ಯಾರೂ ಪೂರ್ತಿ ಒಂಟಿಯಲ್ಲ.

ಆದರೆ ಮೂರು ಕಡೆ ಮಾತ್ರ ಹಾಗಿಲ್ಲ. ಕರ್ಕ, ವೃಶ್ಚಿಕ, ಮೀನ. ಈ ಮೂರು ನೀರಿನ ರಾಶಿಗಳ ಕೊನೆಯಲ್ಲಿ ರಾಶಿಯೂ ಮುಗಿಯುತ್ತದೆ, ನಕ್ಷತ್ರವೂ ಮುಗಿಯುತ್ತದೆ. ಒಂದು ಕಾಲೂ ಆಚೆ ಚಾಚಿರುವುದಿಲ್ಲ. ನೀರು ತೀರಿ ಬೆಂಕಿ ಶುರುವಾಗುತ್ತದೆ. ಆ ಸಂದಿಗೆ ಗಂಡಾಂತ ಎನ್ನುತ್ತಾರೆ. ವೃಶ್ಚಿಕ ಮುಗಿದು ಧನು ಹುಟ್ಟುವ ಸಂದಿಯಲ್ಲಿ, ಮೂಲಾ ನಕ್ಷತ್ರದ ಮೊದಲ ಪಾದದಲ್ಲಿ ಮಗು ಹುಟ್ಟಿದರೆ ತಂದೆಗೆ ಕೇಡು. ಎಂಟು ವರ್ಷ ತಂದೆ ಆ ಮಗುವಿನ ಮುಖ ನೋಡಬಾರದು.

ಸಭಿಕರೇ, ಆ ಮಗು ನಾನು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ೧೯೫೬ರ ಶ್ರಾವಣದಲ್ಲಿ, ಇದೇ ಊರಿನಲ್ಲಿ ನಾನು ಹುಟ್ಟಿದೆ. ಹೆರಿಗೆ ಮಾಡಿಸಿದವಳು ಹಜಿರಾ ಬೀ. ದೊಡ್ಡವಳಾದ ಮೇಲೆ ಅವಳೇ ನನಗೆ ಹೇಳಿದ್ದು. ಅವಳು ಬಾಗಿಲಿಗೆ ಬಂದು, "ಜೋಶಿಸಾಬ್, ಬೇಟಿ ಆಗ್ಯಾಳ. ಒಳಗ ಬಂದು ನೋಡ್ರಿ" ಎಂದಳಂತೆ. ತಂದೆ ಒಳಗೆ ಬರಲಿಲ್ಲ. "ಹೊತ್ತು ಎಷ್ಟಾಗಿತ್ತು?" ಎಂದರಂತೆ. ಪಂಚಾಂಗ ನೋಡಿದರು. ನೋಡಿದವರು ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂತರು. "ಮಗು ಅಳಾಕತ್ತದ, ಅಪ್ಪ ಹೊರಗ ಕೂತಾನ, ಬಾಣಂತಿ ಗ್ವಾಡಿ ಕಡೀಗಿ ಮುಖ ಮಾಡ್ಯಾಳ. ಅಂಥಾ ಮನಿ ನಾ ನೋಡೇ ಇಲ್ಲವ್ವಾ" ಎನ್ನುತ್ತಿದ್ದಳು ಹಜಿರಾ ಬೀ.

ತೊಟ್ಟಿಲ ದಿನ ಆಗುತ್ತಿದ್ದಂತೆ ತಾಯಿಯ ತಂಗಿ, ನನ್ನ ಮಾವಶಿ ಅಂಬುಬಾಯಿ, ನನ್ನನ್ನು ಹುಮನಾಬಾದಿಗೆ ಎತ್ತಿಕೊಂಡು ಹೋದಳು. ಪ್ರತಿ ನಕ್ಷತ್ರದ ಪಾದಕ್ಕೂ ಹೆಸರಿನ ಒಂದು ಅಕ್ಷರ ಇರುತ್ತದೆ. ಮೂಲಾ ಮೊದಲ ಪಾದಕ್ಕೆ 'ಯೇ'. ಅದಕ್ಕೇ ನಾನು ಯೇಸೂಬಾಯಿ. ಬಲ್ಲವರು ನನ್ನ ಹೆಸರು ಕೇಳಿದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಮೂಲಾದ ಹುಡುಗಿ ಮಾವನಿಗೂ ಆಗುವುದಿಲ್ಲವಂತೆ. ಮಾವನಿಲ್ಲದ ಮನೆಗೆ ಕೊಡಬೇಕು ಎಂದು ಮಾವಶಿ ಬಹಳ ಹುಡುಕಿದಳು. ಹುಮನಾಬಾದ್ ತಾಲೂಕಿನ ಮಾವಂದಿರೆಲ್ಲ ಗಟ್ಟಿಮುಟ್ಟಾಗಿದ್ದರು. ನಗಬಹುದು, ನಗಿ. ಹಾಗಾಗಿ ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ ಕುಮಾರಿ ಎಂದಿದೆ.

ನನ್ನ ತಾಯಿ ಲಲಿತಾಬಾಯಿ. ಆಕೆ ಗಂಡನ ಜೊತೆ ಇಲ್ಲೇ ಉಳಿದಳು. ಸಂತೆಯ ದಿನ ಬಸ್ಸು ಹತ್ತಿ ಹುಮನಾಬಾದಿಗೆ ಬರುತ್ತಿದ್ದಳು, ನನ್ನ ತಲೆ ಬಾಚಿ, ಊಟ ಮಾಡಿಸಿ, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಒಮ್ಮೆ ನಾನು ಸೆರಗು ಹಿಡಿದು, "ಅಪ್ಪ ಹ್ಯಾಂಗ ಇರ್ತಾನ?" ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ನಿನ್ನ ಕಿವಿ ಅವರವೇ ನೋಡು" ಎಂದಳು. ನಾನು ಮಾವಶಿಯ ಕನ್ನಡಿಯಲ್ಲಿ ಕಿವಿ ನೋಡಿಕೊಂಡೆ.

ನನಗೆ ಆರು ವರ್ಷವಾದಾಗ ಅವಳಿಗೆ ವಿಷಮಜ್ವರ ಬಂತು. ನಾವು ಬಂದು ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ಮಲಗಿಸಿದ್ದರು. ಇನ್ನೂ ಎರಡು ವರ್ಷ ಬಾಕಿ ಇತ್ತಲ್ಲ, ಅದಕ್ಕೆ ಇಬ್ಬರು ಹೆಂಗಸರು ಅಡ್ಡಲಾಗಿ ಒಂದು ಸೀರೆ ಹಿಡಿದರು. ಈ ಕಡೆ ತಾಯಿಯ ಪಾದ ಮತ್ತು ನಾನು. ಆ ಕಡೆ ತಾಯಿಯ ತಲೆ ಮತ್ತು ತಂದೆ. ಅವರು ಅಳುವುದು ಕೇಳಿಸುತ್ತಿತ್ತು. ಆಮೇಲೆ ಸೀರೆಯ ಆ ಕಡೆಯಿಂದ ಒಂದು ದನಿ ಕೇಳಿತು. "ಹುಡುಗಿ ಉಂಡಾಳೇನು?"

ತಂದೆಯಿಂದ ನಾನು ಕೇಳಿದ ಮೊದಲ ಮಾತು ಅದು. ಮಾವಶಿ, "ಇಲ್ಲ" ಎಂದಳು. "ಮೊದಲ ಆಕೀಗಿ ಉಣ್ಣಾಕ ಹಾಕ್ರಿ" ಎಂದರು.

ಶಾಸ್ತ್ರ ಕೇಡು ಹೇಳಿದ್ದು ತಂದೆಗೆ. ಹೋದದ್ದು ತಾಯಿ. ಇದನ್ನು ಯಾರು ಯಾರಿಗೆ ಕೇಳಬೇಕು?

ಎಂಟು ವರ್ಷ ತುಂಬಿದಾಗ ಶಾಂತಿ ಮಾಡಿಸಿದರು. ಕಂಚಿನ ಬಟ್ಟಲಲ್ಲಿ ಎಣ್ಣೆ ತುಂಬಿ ತಂದೆಯ ಮುಂದೆ ಇಟ್ಟರು. ಮೊದಲು ಎಣ್ಣೆಯಲ್ಲಿ ಮಗುವಿನ ನೆರಳು ನೋಡಬೇಕು, ಆಮೇಲೆ ಮುಖ. ನನ್ನನ್ನು ಅವರ ಬೆನ್ನ ಹಿಂದೆ ನಿಲ್ಲಿಸಿ, ಬಗ್ಗು ಎಂದರು. ನಾನು ಅವರ ಹೆಗಲ ಮೇಲಿಂದ ಬಗ್ಗಿದೆ. ನಾನು ಪೂರ್ತಿ ತಾಯಿಯ ಹೋಲಿಕೆ, ಕಿವಿ ಬಿಟ್ಟು. ತಂದೆ ಎಣ್ಣೆಯನ್ನು ಎಷ್ಟೋ ಹೊತ್ತು ನೋಡಿದರು. ಪುರೋಹಿತರು, "ಈಗ ಮುಖ ನೋಡಬಹುದು" ಎಂದರು. ತಂದೆ ತಿರುಗಲಿಲ್ಲ. ಮತ್ತೆ ಹೇಳಿದರು. ಅರ್ಧ ತಿರುಗಿ, ನನ್ನ ಹಣೆಯ ತನಕ ಕಣ್ಣೆತ್ತಿ, ಮತ್ತೆ ಬಟ್ಟಲು ನೋಡತೊಡಗಿದರು.

ಅಂದಿನಿಂದಲೂ ಹಾಗೇ. ನಾನು ಹುಮನಾಬಾದಿನಲ್ಲೇ ಓದಿದೆ, ಅಲ್ಲೇ ನೌಕರಿ ಸಿಕ್ಕಿತು. ಭಾನುವಾರ ಇಲ್ಲಿಗೆ ಬಂದರೆ ತಂದೆ ನೆಲದ ಮೇಲೆ ಚಕ್ರ ಬರೆದು ರಾಶಿಗಳನ್ನು ಕಲಿಸುತ್ತಿದ್ದರು. ಇಬ್ಬರೂ ಚಕ್ರ ನೋಡುತ್ತಿದ್ದೆವು. ನಮ್ಮ ನಡುವೆ ಇದ್ದ ಮಾತು ಅದೊಂದೇ. ಬೇರೆ ಮಕ್ಕಳಿಗೆ ತಂದೆ ಏನೇನು ಹೇಳುತ್ತಾರೋ ನನಗೆ ತಿಳಿಯದು. ನನಗೆ ಮೇಷದಿಂದ ಮೀನದ ತನಕ ಹೇಳಿದರು. ಎಷ್ಟು ಬೇಸರವಿಲ್ಲದೆ ಹೇಳಿದರು! ಮೇಷ, ವೃಷಭ, ಮಿಥುನ... ಕ್ಷಮಿಸಿ. ಸ್ವಲ್ಪ ನೀರು ಕೊಡಿ.

ಇದನ್ನೆಲ್ಲ ಹೇಳಲು ನಾನು ಬಂದಿರಲಿಲ್ಲ. ಆದರೆ ಈಗ ಉಳಿದದ್ದನ್ನೂ ಹೇಳದಿದ್ದರೆ ತಂದೆಗೆ ಅನ್ಯಾಯವಾಗುತ್ತದೆ. ಜೋಶಿಯವರು ಐದು ವರ್ಷದಿಂದ ಯಾರ ಜಾತಕವನ್ನೂ ಯಾಕೆ ನೋಡುವುದಿಲ್ಲ, ವಯಸ್ಸಾದ ಮೇಲೆ ಗರ್ವ ಬಂತೇನು ಎಂದು ಈ ಊರು ಕೇಳುತ್ತಿದೆ. ಕಣ್ಣು ಕಾಣಂಗಿಲ್ಲ ಎಂದು ಅವರು ಎಲ್ಲರಿಗೂ ಹೇಳುತ್ತಾರೆ. ಅವರ ಕಣ್ಣು ಸರಿಯಾಗಿವೆ. ಇಂದು ಬಸ್ಸಿಳಿದು ಮನೆಗೆ ಹೋದಾಗಲೂ ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಿದ್ದರು.

೧೯೭೯ರಲ್ಲಿ ಒಂದು ಭಾನುವಾರ ಹುಮನಾಬಾದ್ ಕಡೆಯ ಹಳ್ಳಿಯಿಂದ ಒಬ್ಬ ತರುಣ ಬಂದ. ಮಾರುತಿ ಎಂದು ಕರೆಯುತ್ತೇನೆ. ನಿಜವಾದ ಹೆಸರು ಅದಲ್ಲ. ಊರನ್ನು ಊಹಿಸಲು ಹೋಗಬೇಡಿ, ಅಲ್ಲೊಂದು ಮಗು ಬೆಳೆಯುತ್ತಿದೆ. ಬಸ್ಸಿನಿಂದ ಇಳಿದು ಓಡಿಯೇ ಬಂದಿದ್ದ. ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದ: "ಜೋಶಿ ಅಜ್ಜಾರ, ನಿನ್ನಿ ಹೊತ್ತು ಮುಳುಗೋ ಮುಂದ ನಮ್ಮ ಮನ್ಯಾಗ ಹೆಣ್ಣು ಹುಟ್ಯಾದ್ರಿ. ನಿಮ್ಮನ್ನ ಕೇಳಿ ಬಂದ ಮ್ಯಾಲೇ ಮುಖ ನೋಡು ಅಂತ ನಮ್ಮವ್ವ ಹಟಾ ಹಿಡದಾಳ್ರಿ. ನಾ ಇನ್ನಾ ನೋಡಿಲ್ರಿ. ಅಳೋದಷ್ಟ ಕೇಳೀನ್ರಿ."

ತಂದೆ ಪಂಚಾಂಗ ಬಿಚ್ಚಿದರು. ಬೆರಳ ಗೆಣ್ಣು ಎಣಿಸಿದರು. ಅಷ್ಟರಲ್ಲಿ ನನ್ನ ಮನಸ್ಸಿನಲ್ಲೂ ಲೆಕ್ಕ ಮುಗಿದಿತ್ತು. ವೃಶ್ಚಿಕ ತೀರಿತ್ತು. ಧನು ಆಗಷ್ಟೇ ಹುಟ್ಟಿತ್ತು. ಮೂಲಾ, ಮೊದಲ ಪಾದ. ಎದುರಿಗೆ ಆ ಹುಡುಗ ಬೆವರು ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದ. ತಂದೆ ಅವನ ಮುಖವನ್ನೇ ನೋಡುತ್ತ ಕೂತರು.

"ಅನುರಾಧಾ ನಕ್ಷತ್ರ" ಎಂದರು. "ವೃಶ್ಚಿಕ ರಾಶಿ. ದೋಷ ಏನೂ ಇಲ್ಲ. 'ನೀ' ಅಕ್ಷರದ ಹೆಸರು ಇಡ್ರಿ."

"ಅಂದ್ರ ಮುಖ ನೋಡಬಹುದೇನ್ರಿ?"

"ಓಡು. ಬಸ್ಸು ಹೋದೀತು."

ಅವನು ಓಡಿದ. ಕಾಲಿಗೆ ಬೀಳುವುದನ್ನೂ ಮರೆತ. ನಾನು ಮೆಲ್ಲಗೆ, "ಅಪ್ಪಾ, ಅದು ಮೂಲಾ ಅಲ್ಲೇನು?" ಎಂದೆ. "ಗೊತ್ತದ" ಎಂದರು. ಪಂಚಾಂಗವನ್ನು ಮಡಿಸಿ, "ಚಹಾ ಮಾಡು" ಎಂದರು. ಜೀವಮಾನದಲ್ಲಿ ಒಬ್ಬರಿಗೂ ನಕ್ಷತ್ರ ತಪ್ಪಿ ಹೇಳದ ಮನುಷ್ಯ. ಅಂದು ಎರಡು ಸಲ ಚಹಾ ಕುಡಿದರು. ಅವರು ಅಷ್ಟು ಹಗುರಾಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮರುವರ್ಷ, ಮಳೆಗಾಲಕ್ಕೆ ಮುಂಚೆ, ಆ ಕಡೆ ಒಂದು ಹೊಲದಲ್ಲಿ ಬಾವಿ ತೋಡುತ್ತಿದ್ದಾಗ ಪಕ್ಕದ ಮಣ್ಣು ಕುಸಿಯಿತು. ಮೂವರು ಸತ್ತರು. ಮಾರುತಿ ಅವರಲ್ಲೊಬ್ಬ.

ಸುದ್ದಿ ತಿಳಿದ ದಿನ ತಂದೆ ಉಣ್ಣಲಿಲ್ಲ. ಆ ಮನೆಯಲ್ಲಿ ಸತ್ತವನ ದಿನಕರ್ಮ ಮುಗಿದ ಮೇಲೆ, "ಅಲ್ಲೀಗಿ ಹೋಗಬೇಕು" ಎಂದರು. ನಾನೂ ಜೊತೆಗೆ ಹೋದೆ. ಅವನ ಹೆಂಡತಿಗೆ ಮೀರಾಬಾಯಿ ಎನ್ನೋಣ. ಇನ್ನೂ ಚಿಕ್ಕವಳು. ಅತ್ತೆ ಹೊಲಕ್ಕೆ ಹೋಗಿದ್ದಳು. ಮಗು ಅಂಗಳದಲ್ಲಿ ಅಂಬೆಗಾಲಿಡುತ್ತಿತ್ತು. ತಂದೆ ನಿಂತುಕೊಂಡೇ ಎಲ್ಲ ಹೇಳಿದರು. ಅನುರಾಧಾ ಅಲ್ಲ, ಮೂಲಾ. ತಿಳಿದೇ ಸುಳ್ಳು ಹೇಳಿದೆ ಎಂದರು.

ಆಕೆ ಸೆರಗು ಸರಿಮಾಡಿಕೊಂಡು ಕೇಳಿದಳು: "ನೀವು ಖರೇ ಹೇಳಿದ್ರ ಅವರು ಉಳೀತಿದ್ರೇನ್ರಿ?"

"ಶಾಸ್ತ್ರ ಹಂಗ ಹೇಳ್ತದವ್ವಾ."

"ಶಾಸ್ತ್ರಾ ಅಲ್ರಿ. ನಿಮ್ಮನ್ನ ಕೇಳಾಕತ್ತೇನಿ."

ತಂದೆ, "ನನಗ ಗೊತ್ತಿಲ್ಲ" ಎಂದರು. ಈ ಊರಿನಲ್ಲಿ ಜೋಶಿಯವರ ಬಾಯಿಂದ ಆ ಮಾತು ಕೇಳಿದವರು ಯಾರಾದರೂ ಇದ್ದೀರಾ?

ಆಕೆ ಅಳಲಿಲ್ಲ. ಮಗುವನ್ನು ಎತ್ತಿ ಕಂಕುಳಿಗೆ ಹಾಕಿಕೊಂಡಳು. "ಖರೇ ಹೇಳಿದ್ರ ಅವರು ಆಕಿನ್ನ ಮುಟ್ಟತಿದ್ದಿಲ್ಲ. ಈಗ ದಿನಾ ಹೆಗಲ ಮ್ಯಾಲ ಕೂಡಿಸ್ಕೊಂಡು ಊರೆಲ್ಲಾ ತಿರಗ್ಯಾರ. ಬಾವಿ ಕೆಲಸಕ್ಕ ಹೋಗೋ ಮುಂದೂ ಆಕಿ ಮುಖ ನೋಡೇ ಹೋಗ್ಯಾರ. ಅದರಾಗಿಂದ ಒಂದು ದಿನಾನೂ ನಾ ನಿಮಗ ವಾಪಸ್ ಕೊಡಾಂಗಿಲ್ರಿ. ಇನ್ನ ಹೋಗ್ರಿ ಅಜ್ಜಾರ. ನಮ್ಮತ್ತಿ ಬರೋ ಹೊತ್ತಾತು."

ಕ್ಷಮಿಸಿದಳೇ? ಶಪಿಸಿದಳೇ? ಎರಡೂ ಅಲ್ಲ. ಬಸ್ಸಿಗೆ ಕಾಯುವಾಗ ನಾನು ತಂದೆಗೆ ಹೇಳಿದೆ: "ಅಪ್ಪಾ, ಬಾವ್ಯಾಗ ಮೂರು ಮಂದಿ ಸತ್ತಾರ. ಉಳಿದ ಇಬ್ಬರ ಮಕ್ಕಳೂ ಮೂಲಾದಾಗ ಹುಟ್ಟ್ಯಾರೇನು?" ಶಾಲೆಯಲ್ಲಿ ಗಣಿತ ಹೇಳುವವಳು ನಾನು, ಉತ್ತರ ಸಿಕ್ಕಿತು ಎಂದುಕೊಂಡೆ. ತಂದೆ ರಸ್ತೆ ನೋಡುತ್ತ, "ಅವರಿಬ್ಬರೂ ನನ್ನ ಕೇಳಾಕ ಬಂದಿದ್ದಿಲ್ಲ" ಎಂದರು.

ಅಂದಿನಿಂದ ಅವರು ಯಾರಿಗೂ ಏನೂ ಹೇಳಿಲ್ಲ. ನಿಜ ಹೇಳಿದಾಗ ಒಂದು ಮನೆ ಹಾಗಾಯಿತು, ಸುಳ್ಳು ಹೇಳಿದಾಗ ಇನ್ನೊಂದು ಮನೆ ಹೀಗಾಯಿತು. ಮೂರನೆಯದು ಅವರಿಗೆ ಗೊತ್ತಿಲ್ಲ. 'ಜ್ಯೋತಿಷ ರತ್ನ' ಎಂಬ ಬಿರುದನ್ನು ಅವರಿಗೆ ಹೇಗೆ ಒಯ್ದು ಕೊಡಲಿ? ಸಮಿತಿಯವರು ಬೇಸರ ಮಾಡಿಕೊಳ್ಳಬಾರದು. ಹಾರ ಒಯ್ಯುತ್ತೇನೆ, ಬಿರುದು ಇಲ್ಲೇ ಇರಲಿ.

ಮೀರಾಬಾಯಿಯ ಊರಿನಿಂದ ಮರಳಿದ ಆ ಸಂಜೆಯ ಒಂದು ಮಾತು ಹೇಳಿ ಮುಗಿಸುತ್ತೇನೆ. ಮನೆಗೆ ಬಂದು ಕೈಕಾಲು ತೊಳೆದುಕೊಂಡೆವು. ತಂದೆ ಕಿಟಕಿಯ ಹತ್ತಿರ ಕೂತಿದ್ದರು. "ಯೇಸೂ, ಇಲ್ಲಿ ಬಾ. ಬೆಳಕಿನ್ಯಾಗ ಕೂಡು" ಎಂದರು. ಕೂತೆ. ಚಕ್ರ ಬರೆಯುತ್ತಾರೆ ಎಂದುಕೊಂಡೆ. ಅವರು ಬಳಪ ಕೇಳಲಿಲ್ಲ. ಕತ್ತೆತ್ತಿ ನನ್ನ ಮುಖ ನೋಡಿದರು. ಹಣೆಯಲ್ಲ, ಮುಖ. ನೋಡಿಯೇ ನೋಡಿದರು.

ನನಗಾಗ ಇಪ್ಪತ್ಮೂರು ವರ್ಷ. ನನಗೆ ರೂಢಿ ಇರಲಿಲ್ಲ, ಸಭಿಕರೇ. ಎಷ್ಟು ಪ್ರಯತ್ನಪಟ್ಟರೂ ತಡೆದುಕೊಳ್ಳಲಾಗಲಿಲ್ಲ. ನಾನೇ ತಲೆ ತಗ್ಗಿಸಿದೆ.

ಇಷ್ಟು ಹೊತ್ತು ಗದ್ದಲ ಮಾಡದೆ ಕೇಳಿದ್ದೀರಿ, ತಾಯಂದಿರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ್ದೀರಿ. ನಿಮ್ಮೆಲ್ಲರ ಉಪಕಾರ ದೊಡ್ಡದು. ತಂದೆಯ ಪರವಾಗಿ, ನನ್ನ ಪರವಾಗಿ, ಎಲ್ಲರಿಗೂ ನಮಸ್ಕಾರ.