ಬೋರ್ಡಿನೊಳಗಿನ ಗಣಿತದ ಟೀಚರ್

ದೆವ್ವಕ್ಕೇ ಮಗ್ಗಿ ಕಲಿಸಿದ ಗಂಡು ನಾನು! ...ಸರಿ ಸರಿ, ಸುಳ್ಳು. ನನಗೇ ಹತ್ತರ ಮಗ್ಗಿ ದಾಟಿದರೆ ಬೆವರು ಕಿತ್ತುಕೊಂಡು ಬರುತ್ತೆ. ಆದರೆ ಈಗ ಹೇಳೋದು ಮಾತ್ರ ಅಪ್ಪಟ ನಿಜ. ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ಹತ್ತಿರ ಬನ್ನಿ... ಮೆಲ್ಲಗೆ ಹೇಳ್ತೀನಿ.

ಅಕ್ಕ ಗಣಿತದ ಟೀಚರ್. ಪ್ರಶ್ನೆ ಕೇಳಿ ಸುಮ್ಮನೆ ಕಾಯೋದು ಅವಳ ಪದ್ಧತಿ. ಎಂಥ ಮೊದ್ದು ಹುಡುಗನೂ ಬಾಯಿ ಬಿಡಬೇಕು, ಅಲ್ಲೀತನಕ ಕಾಯ್ತಾಳೆ. ಅವಳ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು. ಹೆಡ್‌ಮಿಸ್ ಅವಳ ಜೀವದ ಗೆಳತಿ, ಒಂದೇ ಡಬ್ಬಿಯಲ್ಲಿ ಉಂಡು ಬೆಳೆದವರು.

“ಲೇ, ನಿನ್ನ ಪಾಠ ಎಲ್ಲಾ ರೆಕಾರ್ಡ್ ಮಾಡಿಡೋಣ ಕಣೇ. ನೀನು ರಜ ಹಾಕಿದ ದಿನ ಮಕ್ಕಳಿಗೆ ಪಾಠ ತಪ್ಪಬಾರದಲ್ಲ?”

ಅಕ್ಕ ನಂಬಿದಳು. ಖಾಲಿ ಕ್ಲಾಸಿನಲ್ಲಿ ನಿಂತು ಕ್ಯಾಮೆರಾಕ್ಕೂ ಪ್ರಶ್ನೆ ಕೇಳಿದಳು, ಅದಕ್ಕೂ ಕಾದಳು. ಬೆನ್ನ ಹಿಂದೆ ತೆರೆದ ಬಾಗಿಲು, ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಕೊನೆಯ ಪಾಠ ಮುಗಿದ ಮರುದಿನ ಗೆಳತಿ ಮುಖ ತಿರುಗಿಸಿ ಹೇಳಿದಳು, “ಇನ್ಮೇಲೆ ನೀವು ಬರೋದು ಬೇಡ, ಮೇಡಂ. ಬೋರ್ಡೇ ಸಾಕು.”

‘ಲೇ’ ಅಂತಿದ್ದ ಬಾಯಲ್ಲಿ ‘ಮೇಡಂ’! ಕೆಲಸ ಹೋಗಿದ್ದಕ್ಕಿಂತ ಅದೇ ಅಕ್ಕನ ಕರುಳು ಕತ್ತರಿಸಿತು.

ಶಾಲೆಯ ಹಿಂಬಾಗಿಲ ಬೀಗದಕೈ ಇನ್ನೂ ಅವಳ ಹತ್ತಿರವೇ ಇತ್ತು. ಪಾಠಗಳನ್ನೆಲ್ಲ ಅಳಿಸಿಬಿಟ್ಟರೆ? ಮತ್ತೆ ನನ್ನನ್ನೇ ಕರೀಬೇಕಲ್ಲ ಅಂದ್ಕೊಂಡಳು!

ಆ ರಾತ್ರಿ ಹಾಳುಬಾವಿ ದಾರಿಯಲ್ಲಿ ನಡೆದಳು. ಬಾವಿಯೊಳಗೆ ಏನೋ... ‘ಡುಳುಂ’. ತಿರುಗಿ ನೋಡಲಿಲ್ಲ. ಶಾಲೆಯೊಳಗೆ ಸದ್ದಾಗದಿರಲಿ ಅಂತ ಚಪ್ಪಲಿ ಕೈಗೆ ತಗೊಂಡಳು. ಕ್ಲಾಸಿನ ಬಾಗಿಲು ತಳ್ಳಿದಳು... ‘ಕಿರ್ರ್’.

ಬೋರ್ಡು ತಾನಾಗೇ ಆನ್ ಆಗಿ ಬೆಳಗ್ತಿತ್ತು. ‘ಜುಂಯ್...’ ಅಂತ ಸಣ್ಣ ಸದ್ದು. ಅದರಲ್ಲಿ ಅವಳೇ!

“ಅರ್ಧಕ್ಕೆ ಅರ್ಧ ಸೇರಿಸಿದರೆ? ಯಾರು ಹೇಳ್ತೀರಿ?”

ಬೋರ್ಡಿನೊಳಗಿನ ಅಕ್ಕ ಮೆಲ್ಲಗೆ ಕತ್ತು ಹೊರಳಿಸಿ ಇವಳನ್ನೇ ನೋಡಿದಳು.

“ಬಾಗಿಲಲ್ಲಿ ನಿಂತಿರೋರು... ಯಾರು?”

ಕೇಳಿ, ಕಾದಳು. ಅದೇ ಪದ್ಧತಿ.

“ನಾನು...” ಅಕ್ಕ ಪಿಸುಗುಟ್ಟಿದಳು. “ಗಣಿತದ ಟೀಚರ್.”

“ತಪ್ಪು. ಬೇರೆ ಯಾರು ಹೇಳ್ತೀರಿ?”

ಬೆಂಚುಗಳು ಖಾಲಿ. ಒಂದು ಪಿಳ್ಳೆ ಇಲ್ಲ. ಆದರೂ ಬೆಂಚೆಲ್ಲ ಒಟ್ಟಿಗೆ ‘ದಡಬಡ’ ಅಂದವು, ಮಕ್ಕಳು ಎದ್ದು ನಿಂತ ಹಾಗೆ. ಅಕ್ಕನಿಗೆ ಗುರುತಿದ್ದ ದನಿಗಳೇ, ಒಂದೊಂದೂ... ಅವಳೇ ಬಾಯಿ ಬಿಡಿಸಿದ್ದ ದನಿಗಳು.

“ಹೊರಗಿನವರು, ಮಿಸ್!”

“ಶಭಾಷ್,” ಅಂದಳು ಬೋರ್ಡಿನವಳು. “ಕೂತ್ಕೊಳ್ಳಿ.”

ಅಕ್ಕ ಒಂದು ಪಾಠವನ್ನೂ ಅಳಿಸಲಿಲ್ಲ. ಓಡಿ ಬಂದವಳು ಆಮೇಲೆ ಆ ಬೀದಿಗೇ ಕಾಲಿಡಲಿಲ್ಲ.

ಶಾಲೆಯಲ್ಲಿ ಈಗಲೂ ಅದೇ ಪಾಠ ಓಡುತ್ತೆ. ರೆಕಾರ್ಡ್ ಮಾಡಿದಾಗ ಅವಳ ಬೆನ್ನ ಹಿಂದಿನ ಬಾಗಿಲು ಖಾಲಿ ಇತ್ತು ಅಂದೆನಲ್ಲ? ಈಗ ಖಾಲಿ ಇಲ್ಲ. ಪ್ರತಿ ಪಾಠದಲ್ಲೂ ಅಲ್ಲೊಬ್ಬಳು ನಿಂತಿದ್ದಾಳೆ, ಕೈಯಲ್ಲಿ ಚಪ್ಪಲಿ ಹಿಡಕೊಂಡು. ನಾನೇ ಕಣ್ಣಾರೆ ನೋಡಿ ಬಂದೆ, ನನ್ನಾಣೆಗೂ!

ನಂಬಲ್ವಾ? ಹೋಗಲಿ ಬಿಡಿ. ಈ ಟೀ ಕಾಸು ಮಾತ್ರ ನೀವೇ ಕೊಟ್ಟುಬಿಡಿ... ನೆನೆಸಿಕೊಂಡು ಕೈ ನಡುಗ್ತಿದೆ ನೋಡಿ, ಜೇಬಿನೊಳಕ್ಕೇ ಹೋಗ್ತಿಲ್ಲ.